ಹೆದರಿದ ಫೇವರಿಟ್ ಕೋಚ್‌ನ ಹಿಡಿಯೋದು ಹೇಗೆ: ನನ್ನ ಅನುಭವ

ನಮ್ಮ ಕೊಲಂಬಸ್ (ಒಹಾಯೊ) ಕನ್ನಡದವರ ಬೆಟ್ಟಿಂಗ್ ಪೂಲ್‌ನಲ್ಲಿ "ಕೋಚ್ ಮೈಂಡ್‌ಗೇಮ್ ಎಲ್ಲಾ ಟೀವಿಯವ್ರು ಕಟ್ಟೋ ಕಥೆ, ಒಳ್ಳೆ ಪ್ಲೇಯರ್ಸ್ ಇರೋ ಟೀಮ್ ಗೆಲ್ಲತ್ತೆ ಅಷ್ಟೇ" ಅಂತ ಮೂಗು ಮುರೀತಿದ್ದವ್ರಿಗೆ ಇದು. ಒಹಾಯೊ ಸ್ಟೇಟ್–ಮಿಷಿಗನ್ ಕಾಲೇಜ್ ಅಮೆರಿಕನ್ ಫುಟ್‌ಬಾಲ್ ಪಂದ್ಯದಲ್ಲಿ 2024, 2025 ಎರಡೂ ವರ್ಷ ಸ್ಪ್ರೆಡ್ ಎದುರು ನನ್ ಶೀಟ್ (ನಾನೇ ಮಾಡ್ಕೊಂಡ ಲೆಕ್ಕದ ಪಟ್ಟಿ) ಹೇಳಿದ್ದೇ ಆಯ್ತು, ಅದೂ ಒಂದ್ಸಲ ಮಿಷಿಗನ್ ಕಡೆ, ಒಂದ್ಸಲ ಒಹಾಯೊ ಕಡೆ. ಸೋ ಸ್ವಲ್ಪ ಕೊಚ್ಕೊಳ್ತೀನಿ, ಸಹಿಸ್ಕೊಳ್ಳಿ. ಸ್ಪ್ರೆಡ್ ಅಂದ್ರೆ, ಫೇವರಿಟ್ (ಗೆಲ್ಲೋ ನಿರೀಕ್ಷೆ ಇರೋ ಟೀಮ್) ಎಷ್ಟು ಪಾಯಿಂಟ್ ಮೇಲೆ ಗೆಲ್ಬೇಕು ಅಂತ ಬುಕ್ಕಿ ಹಾಕೋ ಅಂತರ; ಅದಕ್ಕಿಂತ ಕಮ್ಮಿಗೆ ಗೆದ್ರೆ ಅಥ್ವಾ ಸೋತ್ರೆ, ಎದುರಾಳಿ ಮೇಲೆ ಹಾಕ್ದವ್ರಿಗೆ ದುಡ್ಡು.

ಮೊದಲನೇ ಶೀಟ್ ಪೂರ್ತಿ ದಂಡ. ಕೋಚ್ ಎದುರು ಕೋಚ್ ಸೋಲು-ಗೆಲುವು ಅಷ್ಟೇ ಅದ್ರಲ್ಲಿ ಇದ್ದಿದ್ದು. ಮಿಷಿಗನ್ ಕೋಚ್ ಜಿಮ್ ಹಾರ್ಬಾ 2015ರಿಂದ 2019ರ ತನಕ ಒಹಾಯೊ ಎದುರು ಐದಕ್ಕೆ ಐದೂ ಸೋತಿದ್ರು, 2018ರಲ್ಲಂತೂ 62-39, ಹಂಗಾಗಿ 2021ಕ್ಕೆ ಶೀಟ್ ಕಣ್ಮುಚ್ಕೊಂಡು ಒಹಾಯೊ ಅಂತು. ಮಿಷಿಗನ್ 42-27. ಮುಂದಿನ ವರ್ಷ ಮತ್ತೆ ಒಹಾಯೊ ಅಂತು, 45-23 ಮಿಷಿಗನ್, ಅದೂ ಇಲ್ಲೇ ನಮ್ಮೂರಲ್ಲೇ. ಹಳೇ ಸ್ಪ್ರೆಡ್ ಡೇಟಾಗೆ ಅಂತ ಒಂದು ಕಂಪನಿಗೆ ಸುಮಾರು ನೂರಿಪ್ಪತ್ತು ಡಾಲರ್ ಕೊಟ್ಟಿದ್ದೆ, ತೆಗೆದು ನೋಡಿದ್ರೆ ತೊಂಬತ್ತರ ದಶಕದ ಅರ್ಧ ಸಾಲುಗಳು ಖಾಲಿ, ದುಡ್ಡು ವಾಪಸ್ ಕೇಳಿ ಮೇಲ್ ಹಾಕಿದ್ದಕ್ಕೆ ಉತ್ತರಾನೇ ಇಲ್ಲ.

2023ರ ಜನವರಿಯಿಂದ ಒಹಾಯೊದಲ್ಲಿ ಬೆಟ್ಟಿಂಗ್ ಲೀಗಲ್ ಆಯ್ತಲ್ಲ, ಕೈಯಲ್ಲಿ ಫೋನ್ ಇದೆ, ಪೂಲ್‌ಗಿಂತ ದೊಡ್ಡ ಅಮೌಂಟ್ ಹಾಕೋ ಧೈರ್ಯ ಬಂತು. ಆ ವರ್ಷ ಹಾರ್ಬಾ ಸಸ್ಪೆಂಡ್, ಸೈಡ್‌ಲೈನ್‌ನಲ್ಲಿ ಅವ್ರ ಅಸಿಸ್ಟೆಂಟ್ ಶೆರೋನ್ ಮೂರ್. ಯಾರ ರೆಕಾರ್ಡ್ ಹಾಕೋದು ಅಂತ ತಲೆ ಕೆಡ್ತು. ಎದುರಾಳಿ ಮೇಲೆ ಹಿಡಿತ ಇಟ್ಕೊಂಡಿರೋ ಮನುಷ್ಯನೇ ಇಲ್ಲ ಅಂದ್ಮೇಲೆ ಹಿಡಿತ ಎಲ್ಲಿಂದ ಬರತ್ತೆ ಅಂತ ಗೆದ್ದ ಕೋಚ್ ಕಾಲಂ ಸೊನ್ನೆ ಮಾಡಿ ಒಹಾಯೊ ತಗೊಂಡೆ. 30-24 ಮಿಷಿಗನ್. ಎಲ್ಲಾ ಸೇರಿ ಆರ್ನೂರು ಡಾಲರ್ ಹತ್ರ ಹೋಗಿರ್ಬೇಕು, ಮನೇಲಿ ಇವತ್ತಿಗೂ ಮುನ್ನೂರು ಅಂತಾನೇ ಲೆಕ್ಕ.

ಆದ್ರೆ ಗಂಟು ಬಿಚ್ಚಿದ್ದು ಆ ಪಂದ್ಯದಿಂದ್ಲೇ. ಗೆಲ್ತಿದ್ದ ಕೋಚ್ ಮೈದಾನದಲ್ಲೇ ಇರ್ಲಿಲ್ಲ, ಆದ್ರೂ ಸೋಲು ನಿಲ್ಲಲಿಲ್ಲ. ಬದಲಾಗದೆ ಉಳಿದಿದ್ದು ಒಹಾಯೊ ಕೋಚ್ ರಯಾನ್ ಡೇ ಒಬ್ರೇ. ಅಂದ್ರೆ ನಾವೆಲ್ಲ ಎಡ್ಜ್ (ಮೇಲುಗೈ) ಅಂತ ಕರೀತಿರೋದು ಗೆದ್ದವನ ಜೇಬಲ್ಲಿಲ್ಲ, ಸೋತವನ ಹೊಟ್ಟೆಯೊಳಗಿನ ಹೆದರಿಕೇಲಿದೆ. ಗೆದ್ದ ಕೋಚ್ ಕಾಲಂ ಅಳಿಸಿ ಹಾಕ್ದೆ.

ಹಿಂದಕ್ಕೆ ಹೋಗಿ ಒಹಾಯೊ ಹಳೇ ಕೋಚ್ ಜಾನ್ ಕೂಪರ್ ನೋಡಿ. ಮಿಷಿಗನ್ ಎದುರು 2 ಗೆಲುವು, 10 ಸೋಲು, 1 ಡ್ರಾ. ಟೀಮ್ ಕೆಟ್ಟದಿತ್ತಾ? 1995ರಲ್ಲಿ ಅವ್ರ ಎಡ್ಡಿ ಜಾರ್ಜ್ ಹೈಸ್ಮನ್ (ವರ್ಷದ ಬೆಸ್ಟ್ ಪ್ಲೇಯರ್ ಪ್ರಶಸ್ತಿ) ಗೆದ್ದ ವರ್ಷ, ಒಂದೂ ಸೋಲಿಲ್ದೆ ಹೋಗಿ 31-23 ಸೋತ್ರು. 1996ರಲ್ಲಿ ಮತ್ತೆ ಸೋಲಿಲ್ದೆ ಬಂದು, ಮನೆ ಮೈದಾನದಲ್ಲಿ ಹಾಫ್‌ಗೆ 9-0 ಮುಂದಿದ್ದು, 13-9 ಸೋಲು. 2001ರಲ್ಲಿ ಜಿಮ್ ಟ್ರೆಸಲ್ ಬಂದ್ರು, ಬಂದ ತಿಂಗಳೇ ಬ್ಯಾಸ್ಕೆಟ್‌ಬಾಲ್ ಪಂದ್ಯದ ಮಧ್ಯೆ ಮೈಕ್ ಹಿಡ್ಕೊಂಡು, ಇನ್ನು 310 ದಿನಕ್ಕೆ ಆನ್ ಆರ್ಬರ್‌ನಲ್ಲಿ (ಮಿಷಿಗನ್ ಊರು) ನಮ್ಮ ಹುಡುಗ್ರು ನಿಮಗೆ ಹೆಮ್ಮೆ ತರ್ತಾರೆ ಅಂತ ಹೇಳಿ, ಹಂಗೇ 26-20 ಗೆದ್ರು. ಯೂನಿವರ್ಸಿಟಿ ಅದೇ, ಎದುರಾಳಿ ಅದೇ, ಹೊಟ್ಟೆ ಮಾತ್ರ ಬೇರೆ.

ಹೆದರಿಕೆನ ಅಳೆಯೋದು ಹೇಗೆ ಅಂತೀರಾ. ಪ್ರೆಸ್‌ಮೀಟ್ ಮಾತು ಬರೆದಿಟ್ಟು ನೋಡ್ದೆ, ಹೊಳೇಲಿ ಹುಣಸೆಹಣ್ಣು ತೊಳೆದಂಗಾಯ್ತು, ಎಲ್ಲಾ ಕೋಚ್‌ಗಳೂ ಅದೇ ನಾಲ್ಕು ಮಾತು ತಿರುಗಾಮುರುಗಾ ಆಡ್ತಾರೆ. ಪ್ಲೇ-ಬೈ-ಪ್ಲೇನಲ್ಲಿದೆ (ಪಂದ್ಯದ ಒಂದೊಂದು ಆಟದ ದಾಖಲೆ) ಗುಟ್ಟು. ಸ್ಕೋರ್ ಸಮ ಇದ್ದಾಗ ಅಥ್ವಾ ಹಿಂದಿದ್ದಾಗ ಫೇವರಿಟ್ ಟೀಮ್ ಫಸ್ಟ್ ಡೌನ್‌ನಲ್ಲಿ (ನಾಲ್ಕು ಯತ್ನಗಳಲ್ಲಿ ಮೊದಲನೇದು) ಎಷ್ಟು ಸಲ ಪಾಸ್ ಬಿಟ್ಟು ಬಾಲ್ ಹಿಡ್ಕೊಂಡು ನಡುವಿಗೇ ಓಡ್ತು, ಅದು ಆ ಸೀಸನ್‌ನ ಬಾಕಿ ಪಂದ್ಯಗಳಿಗಿಂತ ಎಷ್ಟು ಜಾಸ್ತಿ, ಇದನ್ನ ಆ ಕೋಚ್‌ನ ಹಿಂದಿನ ರೈವಲ್ರಿ ಸೋಲುಗಳಲ್ಲಿ ನೋಡಿ. ಎಷ್ಟು ದಾಟಿದ್ರೆ ಅಲಾರಂ ಅನ್ನೋದು ಮಾತ್ರ ಹೇಳಲ್ಲ, ಆರ್ನೂರು ಡಾಲರ್ ಕಟ್ಟಿ ಕಲ್ತಿದ್ದು ಅದು.

2024. ಒಹಾಯೊ ಹತ್ರಹತ್ರ 20 ಪಾಯಿಂಟ್ ಫೇವರಿಟ್. ನಾನು ಮಿಷಿಗನ್ ಪ್ಲಸ್ 20 ಅಂದಿದ್ದಕ್ಕೆ ನಮ್ಮ ಹುಬ್ಬಳ್ಳಿ ದೋಸ್ತ "ಏನಪಾ, ಊರಾಗ ಇರೂದಿಲ್ಲೇನು ನೀ" ಅಂದ. ಹಾಫ್‌ಗೆ 10-10. ಹೊರಗಡೆ ಜೆರಮಾಯ ಸ್ಮಿತ್, ಎಮೆಕಾ ಎಗ್ಬೂಕಾ ಥರ ರಿಸೀವರ್ಸ್ (ಪಾಸ್ ಹಿಡಿಯೋರು) ಇಟ್ಕೊಂಡು, ಒಹಾಯೊದವ್ರು ಮಿಷಿಗನ್‌ನ ಮೇಸನ್ ಗ್ರೇಯಮ್, ಕೆನೆತ್ ಗ್ರಾಂಟ್ ಅನ್ನೋ ಎರಡು ಗೋಡೆಗೆ ಹೋಗಿ ಹೋಗಿ ಗುದ್ದುತಾ ಇದ್ರು. ಓಡಿ ಗಳಿಸಿದ್ದು ಪೂರ್ತಿ ಪಂದ್ಯದಲ್ಲಿ 80 ಗಜವೂ ಇಲ್ಲ. ಮಿಷಿಗನ್ ಕ್ವಾರ್ಟರ್‌ಬ್ಯಾಕ್ (ಪಾಸ್ ಎಸೆಯೋನು) ಏನ್ ಹುಲಿ ಆಗಿರ್ಲಿಲ್ಲ, ಅವನ ಪಾಸಿಂಗ್ 60 ಗಜದ ಆಸುಪಾಸು. ಆದ್ರೂ ಸೆಕೆಂಡ್ ಹಾಫ್‌ನಲ್ಲಿ ಒಹಾಯೊಗೆ ಸೊನ್ನೆ, 13-10. ಒಂದ್ ನಿಮಿಷ, ಮಿಷಿಗನ್ ಗೆಲ್ಲತ್ತೆ ಅಂತ ನಾನ್ ಹೇಳಿರ್ಲಿಲ್ಲ, ಪಾಯಿಂಟ್ಸ್ ತಗೊಳ್ಳಿ ಅಂದಿದ್ದೆ ಅಷ್ಟೇ. ಈ ವ್ಯತ್ಯಾಸ ಹಿಡೀದಿದ್ರೆ ಈ ವಿಧಾನದಲ್ಲಿ ಕೈ ಸುಟ್ಕೊಳ್ತೀರಾ.

ಮಧ್ಯೆ ಆಲಬಾಮಾ ಕೋಚ್ ಆಗಿದ್ದ ನಿಕ್ ಸೇಬನ್ ಕಡೆಗೂ ಹೋಗಿದ್ದೆ. ತಮ್ಮ ಹಳೇ ಅಸಿಸ್ಟೆಂಟ್‌ಗಳ ಎದುರು ಒಂದು ಹಂತದ ತನಕ 24 ಗೆಲುವು, ಸೋಲು ಸೊನ್ನೆ, ಗುರುನ ಕಂಡ್ರೆ ಶಿಷ್ಯರಿಗೆ ನಡುಕ ಅಂತ ಎಲ್ರೂ ಬರೆದ್ರು. ಬಹುಪಾಲು ಪಂದ್ಯಗಳಲ್ಲಿ ಆಲಬಾಮಾನೇ ಫೇವರಿಟ್, ಅದ್ರಲ್ಲಿ ಎಂಥ ನಡುಕ ಮಾರಾಯ್ರೆ. 2021ರ ಅಕ್ಟೋಬರ್‌ನಲ್ಲಿ ಅಂಥ ಶಿಷ್ಯ, ಟೆಕ್ಸಸ್ ಎ&ಎಮ್‌ನ ಜಿಂಬೋ ಫಿಶರ್ ಬ್ಯಾಕಪ್ ಕ್ವಾರ್ಟರ್‌ಬ್ಯಾಕ್ ಇಟ್ಕೊಂಡು 41-38 ಹೊಡೆದ್ರು. ಇನ್ನೊಬ್ಬ ಶಿಷ್ಯ, ಜಾರ್ಜಿಯಾದ ಕರ್ಬಿ ಸ್ಮಾರ್ಟ್ ಆ ಡಿಸೆಂಬರ್‌ನಲ್ಲಿ 41-24 ಸೋತು, ಐದಾರು ವಾರದಲ್ಲೇ 33-18 ಗೆದ್ದು ಚಾಂಪಿಯನ್ ಆದ್ರು. ಅಲ್ಲಿ ನನ್ ಶೀಟ್ ಏನೂ ಹೇಳ್ಲಿಲ್ಲ, ಬಿಟ್ಟು ಬಂದೆ.

2025ಕ್ಕೆ ಪೂಲ್‌ನವ್ರೆಲ್ಲ ನನ್ನ ಹಿಂದೆ ಬಿದ್ದು ಮಿಷಿಗನ್ ತಗೊಂಡ್ರು, ನಾನು ಒಹಾಯೊ. ಯಾಕಂದ್ರೆ ಆ 13-10 ಆದ್ಮೇಲೆ ಡೇ ನೋಟ್ರ ಡೇಮ್ ಎದುರು 34-23 ಗೆದ್ದು ನ್ಯಾಷನಲ್ ಚಾಂಪಿಯನ್ ಆಗಿದ್ರು, ಇನ್ನು ಕೆಲಸ ಹೋಗೋ ಭಯ ಎಲ್ಲಿ? ಎದುರಿಗೆ ಬ್ರೈಸ್ ಅಂಡರ್‌ವುಡ್ ಅನ್ನೋ ಫ್ರೆಶ್‌ಮನ್ ಹುಡುಗ. ಸ್ಪ್ರೆಡ್ ಹತ್ತರ ಹತ್ರ ಇತ್ತು, ಬಂದಿದ್ದು 27-9. ಹುಬ್ಬಳ್ಳಿಯವ ಎರಡು ದಿನ ಫೋನ್ ಎತ್ತಲಿಲ್ಲ.

ಸ್ಟ್ಯಾಟಿಸ್ಟಿಕ್ಸ್ ಓದಿರೋ ಒಬ್ಬ ಗೆಳೆಯ ಇಷ್ಟು ಕಮ್ಮಿ ಪಂದ್ಯದಲ್ಲಿ ಏನೂ ಪ್ರೂವ್ ಆಗಲ್ಲ ಅಂತಾನೆ, ಸರಿನೇ, ನಾನೇನು ಪಿಎಚ್‌ಡಿ ಮಾಡ್ತಿಲ್ಲ. ಹೋದ ದುಡ್ಡಲ್ಲಿ ಮುಕ್ಕಾಲು ವಾಪಸ್ ಬಂದಿದೆ. 2025ರ ಡಿಸೆಂಬರ್‌ನಲ್ಲಿ, ಅಷ್ಟರಲ್ಲಿ ಮಿಷಿಗನ್ ಹೆಡ್ ಕೋಚ್ ಆಗಿದ್ದ ಮೂರ್ ಕೆಲಸ ಹೋಯ್ತು, 2026ರಲ್ಲಿ ಮಿಷಿಗನ್ ಹೊಸ ಕೋಚ್ ಜೊತೆ ಕೊಲಂಬಸ್‌ಗೆ ಬರತ್ತೆ, ಆ ಕಡೆ ಕಾಲಂ ಖಾಲಿ. ನನ್ ಪಿಕ್ ಪಂದ್ಯದ ವಾರ ಗುರುವಾರ ರಾತ್ರಿ ಹಾಕ್ತೀನಿ, ಅದಕ್ಕಿಂತ ಮುಂಚೆ ಕೇಳ್ಬೇಡಿ.