ಹಾಡು ಹಂಚುವ ಕಂಪನಿಗೆ ವಿಕಿಪೀಡಿಯದಲ್ಲಿ ಲೇಖನ ಬೇಕಾ? ತೀರ್ಮಾನಿಸುವುದು ಹೀಗೆ

ನಮ್ಮ ಸೋದರತ್ತೆ ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುತ್ತಾರೆ. ಅವರಿಗೆ ವಯಸ್ಸಾಯಿತು, ಪದಗಳು ಅವರ ಜೊತೆಗೇ ಹೋಗಿಬಿಟ್ಟರೆ ಎಂಬ ಭಯಕ್ಕೆ ಒಂದಷ್ಟನ್ನು ರೆಕಾರ್ಡ್ ಮಾಡಿದೆ. ಒಂದು ಆನ್‌ಲೈನ್ ವಿತರಣಾ ಕಂಪನಿಯ ಮೂಲಕ ಸ್ಪಾಟಿಫೈ, ಜಿಯೋಸಾವನ್, ಯೂಟ್ಯೂಬ್ ಮ್ಯೂಸಿಕ್‌ಗೆ ಹಾಕಿಸಿದೆ. ಹಾಡು ಬಂದ ದಿನ ಮನೆಯವರೆಲ್ಲ ಕೂತು ಕೇಳಿದೆವು. ಯೂಟ್ಯೂಬಿನಲ್ಲಿ ಹಾಡಿನ ಕೆಳಗೆ ‘ಪ್ರೊವೈಡೆಡ್ ಟು ಯೂಟ್ಯೂಬ್ ಬೈ’ ಅಂತ ಒಂದು ಸಾಲಿತ್ತು, ಅದರ ಮುಂದೆ ಆ ಕಂಪನಿಯ ಹೆಸರು.

ಯಾರಿವರು ಅಂತ ವಿಕಿಪೀಡಿಯದಲ್ಲಿ ಹುಡುಕಿದೆ. ಕನ್ನಡದಲ್ಲೂ ಇಲ್ಲ, ಇಂಗ್ಲಿಷಿನಲ್ಲೂ ಇಲ್ಲ. ಸರಿ, ನಾನೇ ಬರೆಯೋಣ ಎಂದು ಎರಡು ಸಂಜೆ ಕೂತು ಇಂಗ್ಲಿಷಿನಲ್ಲಿ ಲೇಖನ ಬರೆದೆ. ಆಧಾರಕ್ಕೆ ಹದಿನಾಲ್ಕು ಕೊಂಡಿಗಳನ್ನೂ ಕೊಟ್ಟೆ. ಕೆಲವು ದಿನಕ್ಕೆ ಅದು ಅಳಿಸುವಿಕೆಯ ಚರ್ಚೆಗೆ ಹೋಯಿತು, ಚರ್ಚೆ ಮುಗಿದ ಮೇಲೆ ಅಳಿಸಿದರು. ಆಗ ಬೇಜಾರಾಗಿದ್ದು ನಿಜ. ಆದರೆ ಅಲ್ಲಿ ಒಬ್ಬ ಸಂಪಾದಕರು ನನ್ನ ಹದಿನಾಲ್ಕೂ ಕೊಂಡಿಗಳನ್ನು ಒಂದೊಂದಾಗಿ ಓದಿ, ಪ್ರತಿಯೊಂದಕ್ಕೂ ಒಂದು ಸಾಲು ಬರೆದಿದ್ದರು. ಅದನ್ನು ಓದಿದಾಗಲೇ ನನಗೆ ಈ ಕೆಲಸ ಅರ್ಥವಾಗಿದ್ದು. ಅದನ್ನೇ ಇಲ್ಲಿ ಹೇಳುತ್ತೇನೆ.

ಮೊದಲು ಪ್ರಶ್ನೆ ಸರಿ ಮಾಡಿಕೊಳ್ಳಿ

ವಿತರಣಾ ಕಂಪನಿಯ ಕೆಲಸ ಸರಳ. ನಿಮ್ಮ ಹಾಡಿನ ಫೈಲು, ಮುಖಪುಟದ ಚಿತ್ರ ತೆಗೆದುಕೊಳ್ಳುತ್ತದೆ. ಹಾಡಿಗೊಂದು ಗುರುತಿನ ಸಂಖ್ಯೆ ಕೊಡಿಸುತ್ತದೆ. ಹತ್ತಾರು ಆ್ಯಪ್‌ಗಳಿಗೆ ಕಳಿಸುತ್ತದೆ. ಬಂದ ದುಡ್ಡನ್ನು ನಿಮಗೆ ಮುಟ್ಟಿಸುತ್ತದೆ. ಕೆಲವರು ವರ್ಷಕ್ಕಿಷ್ಟು ಅಂತ ಶುಲ್ಕ ತೆಗೆದುಕೊಳ್ಳುತ್ತಾರೆ, ಕೆಲವರು ಗಳಿಕೆಯಲ್ಲಿ ಪಾಲು ಕೇಳುತ್ತಾರೆ.

ನಾವು ಸಾಮಾನ್ಯವಾಗಿ ಕೇಳಿಕೊಳ್ಳುವ ಪ್ರಶ್ನೆ ‘ಈ ಕಂಪನಿ ದೊಡ್ಡದಾ?’ ಅಂತ. ವಿಕಿಪೀಡಿಯ ಕೇಳುವುದು ಅದನ್ನಲ್ಲ. ‘ಈ ಕಂಪನಿಯಿಂದ ಏನೂ ಲಾಭವಿಲ್ಲದವರು, ತಾವಾಗಿಯೇ, ಇದರ ಬಗ್ಗೆ ವಿವರವಾಗಿ ಬರೆದಿದ್ದಾರಾ?’ ಎಂದು ಕೇಳುತ್ತದೆ. ಇದನ್ನು ಗಮನಾರ್ಹತೆ ಅನ್ನುತ್ತಾರೆ. ಕಂಪನಿಗಳ ವಿಷಯದಲ್ಲಿ ಇಂಗ್ಲಿಷ್ ವಿಕಿಪೀಡಿಯ ಇನ್ನೂ ಬಿಗಿ. ಕಾರಣ ಸುಲಭವಾಗಿ ಗೊತ್ತಾಗುತ್ತದೆ: ಅಲ್ಲಿ ಪುಟ ಇದ್ದರೆ ವ್ಯಾಪಾರಕ್ಕೆ ಅನುಕೂಲ, ಹಾಗಾಗಿ ಜಾಹೀರಾತು ನುಗ್ಗಿಸುವವರು ಜಾಸ್ತಿ.

ಲಕ್ಷ ಹಾಡು ಹಂಚಿದ್ದೇವೆ, ಇಷ್ಟು ದೇಶದಲ್ಲಿದ್ದೇವೆ ಎಂಬ ಅಂಕಿಗಳನ್ನು ಸದ್ಯಕ್ಕೆ ಪಕ್ಕಕ್ಕಿಡಿ. ಅವು ಲೇಖನದ ಒಳಗೆ ಬರಬಹುದು. ಲೇಖನ ಬೇಕೋ ಬೇಡವೋ ಎಂಬುದಕ್ಕೆ ಸಾಕ್ಷಿಯಾಗುವುದಿಲ್ಲ.

ಹುಡುಕುವಾಗ ಹೊಟ್ಟು ತೂರಿ

ಬೇರೆ ಕಂಪನಿಗಳಿಗಿಲ್ಲದ ಒಂದು ತೊಡಕು ಸಂಗೀತ ವಿತರಕರಿಗಿದೆ. ಅವರ ಹೆಸರನ್ನು ಗೂಗಲ್ ಮಾಡಿದರೆ ಫಲಿತಾಂಶ ಸುರಿಯುತ್ತದೆ. ಅವರು ಕಳಿಸಿದ ಪ್ರತಿ ಹಾಡಿನ ಕೆಳಗೂ ಅವರ ಹೆಸರು ತಾನಾಗಿಯೇ ಅಂಟಿಕೊಳ್ಳುತ್ತದಲ್ಲ, ಅದಕ್ಕೆ. ನಾನು ಮೋಸ ಹೋಗಿದ್ದು ಅಲ್ಲೇ. ಸಾವಿರಾರು ಕಡೆ ಹೆಸರಿದೆ, ಅಂದಮೇಲೆ ದೊಡ್ಡ ಕಂಪನಿಯೇ ಇರಬೇಕು ಅಂದುಕೊಂಡೆ. ಕೊರಿಯರ್‌ನವರ ಮುದ್ರೆ ಸಾವಿರ ಪಾರ್ಸೆಲ್ ಮೇಲೆ ಇರುತ್ತದೆ. ಅಷ್ಟಕ್ಕೇ ಕೊರಿಯರ್‌ನವರ ಬಗ್ಗೆ ಯಾರೋ ಬರೆದಿದ್ದಾರೆ ಅಂತ ಆಗುವುದಿಲ್ಲ, ಅಲ್ವಾ?

ಆದ್ದರಿಂದ ಕಂಪನಿಯ ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಹಾಕಿ ಹುಡುಕಿ. ಮೈನಸ್ ಚಿಹ್ನೆ ಬಳಸಿ ಯೂಟ್ಯೂಬ್, ಸ್ಪಾಟಿಫೈ, ಫೇಸ್‌ಬುಕ್ ಮತ್ತು ಕಂಪನಿಯ ಸ್ವಂತ ತಾಣವನ್ನು ಹೊರಗಿಡಿ. ಆಮೇಲೆ ಗೂಗಲ್‌ನ ಸುದ್ದಿ ವಿಭಾಗ, ಪುಸ್ತಕ ವಿಭಾಗ, ಸಂಶೋಧನಾ ಬರಹಗಳ ವಿಭಾಗವಾದ ಸ್ಕಾಲರ್ ಮೂರರಲ್ಲೂ ನೋಡಿ. ಪುಸ್ತಕ ಮತ್ತು ಸ್ಕಾಲರ್ ಬಿಡಬೇಡಿ. ಸಂಗೀತದ ವ್ಯಾಪಾರದ ಬಗ್ಗೆ ವಿಶ್ವವಿದ್ಯಾಲಯಗಳಲ್ಲಿ ಈಗ ಸಾಕಷ್ಟು ಅಧ್ಯಯನ ನಡೆಯುತ್ತಿದೆ, ಅಲ್ಲಿ ಸಿಗುವ ಎರಡು ಪುಟ ಹತ್ತು ಸುದ್ದಿಗಳಿಗಿಂತ ತೂಕದ್ದು. ಕಂಪನಿಗೆ ಹಳೆಯ ಹೆಸರಿದ್ದರೆ ಅದರಲ್ಲೂ ಹುಡುಕಿ.

ಒಂದು ಹಾಳೆ, ನಾಲ್ಕು ಕಂಬ

ನಿಜವಾದ ಕೆಲಸ ಇದು. ಸಿಕ್ಕ ಕೊಂಡಿಗಳನ್ನೆಲ್ಲ ಹಾಳೆಯ ಎಡಗಡೆ ಬರೆಯಿರಿ. ಬಲಕ್ಕೆ ನಾಲ್ಕು ಕಂಬ ಎಳೆಯಿರಿ: ವಿವರ, ಸ್ವತಂತ್ರ, ನಂಬಿಕೆ, ವಿಶ್ಲೇಷಣೆ. ಒಂದು ಮೂಲ ಲೆಕ್ಕಕ್ಕೆ ಬರಬೇಕಾದರೆ ನಾಲ್ಕರಲ್ಲೂ ಗುರುತು ಬೀಳಬೇಕು. ಮೂರರಲ್ಲಿ ಬಿದ್ದು ಒಂದರಲ್ಲಿ ತಪ್ಪಿದರೂ ಅದನ್ನು ಹೊಡೆದುಹಾಕಿ.

ವಿವರ ಎಂದರೆ ಲೇಖನ ಆ ಕಂಪನಿಯ ಬಗ್ಗೆಯೇ ಇರಬೇಕು. ‘ಗಾಯಕಿ ತಮ್ಮ ಹೊಸ ಹಾಡನ್ನು ಇಂಥ ಕಂಪನಿಯ ಮೂಲಕ ಬಿಡುಗಡೆ ಮಾಡಿದರು’ ಎಂಬ ಒಂದು ಸಾಲು ಆ ಗಾಯಕಿಯ ಸುದ್ದಿ. ನನ್ನ ಹದಿನಾಲ್ಕರಲ್ಲಿ ಐದು ಹೀಗೇ ಹೋದವು.

ಹೂಡಿಕೆ ಬಂತು, ಹೊಸ ಮುಖ್ಯಸ್ಥರು ಬಂದರು, ಹೊಸ ಕಚೇರಿ ತೆರೆದರು ಎಂಬ ಸುದ್ದಿಗಳೂ ಇಲ್ಲೇ ಬಿದ್ದುಹೋಗುತ್ತವೆ. ಡಿಸ್ಟ್ರೋಕಿಡ್ ನೋಡಿ. ಫಿಲಿಪ್ ಕಪ್ಲಾನ್ 2013ರಲ್ಲಿ ಶುರುಮಾಡಿದ ವಿತರಣಾ ಕಂಪನಿ. 2018ರಲ್ಲಿ ಸ್ಪಾಟಿಫೈ ಇದರಲ್ಲಿ ಸಣ್ಣ ಪಾಲು ಕೊಂಡಿತು. 2021ರಲ್ಲಿ ಹೂಡಿಕೆ ಬಂದಾಗ ಕಂಪನಿಯ ಬೆಲೆ 130 ಕೋಟಿ ಡಾಲರ್ ಎಂದು ಲೆಕ್ಕ ಹಾಕಿದರು. ಇಷ್ಟು ದೊಡ್ಡ ಮೊತ್ತ ಇದ್ದರೂ, ‘ಇಷ್ಟು ಹೂಡಿಕೆ ಬಂತು’ ಅಂತ ನಾಲ್ಕು ಸಾಲಿನಲ್ಲಿ ಮುಗಿಯುವ ಸುದ್ದಿ ಈ ಕಂಬದಲ್ಲಿ ಪಾಸಾಗುವುದಿಲ್ಲ. ಅದೇ ಹೊತ್ತಿನಲ್ಲಿ ಒಬ್ಬ ಪತ್ರಕರ್ತ ಕೂತು, ಹಾಡು ಕೇಳಿಸುವ ಆ್ಯಪೇ ಹಾಡು ಏರಿಸುವ ಕಂಪನಿಯಲ್ಲೂ ಪಾಲು ಇಟ್ಟುಕೊಂಡರೆ ಸಣ್ಣ ಗಾಯಕರಿಗೆ ಏನಾಗುತ್ತದೆ ಎಂದು ಬಿಡಿಸಿ ಬರೆದಿದ್ದರೆ ಅದು ಪಾಸಾಗುತ್ತದೆ. ಮೊತ್ತ ಒಂದೇ, ಬರಹ ಬೇರೆ.

ಸ್ವತಂತ್ರ ಎಂಬ ಕಂಬದಲ್ಲಿ ಕಣ್ಣು ತೆರೆದು ಕೂರಬೇಕು. ಪತ್ರಿಕಾ ಪ್ರಕಟಣೆಯನ್ನು ಹಾಗೇ ಅಚ್ಚು ಹಾಕಿದ್ದು ಸ್ವತಂತ್ರವಲ್ಲ. ಪತ್ತೆ ಮಾಡುವುದು ಕಷ್ಟವೇನಲ್ಲ: ಒಂದು ವಾಕ್ಯವನ್ನು ನಕಲಿಸಿ ಗೂಗಲ್‌ಗೆ ಹಾಕಿ. ಅದೇ ವಾಕ್ಯ ಐದಾರು ತಾಣಗಳಲ್ಲಿ ಅಕ್ಷರ ಬಿಡದೆ ಸಿಕ್ಕಿದರೆ ಅದು ಪ್ರಕಟಣೆ. ನಮ್ಮ ದೇಶದ ಪತ್ರಿಕೆಗಳ ತಾಣಗಳಲ್ಲಿ ಇನ್ನೊಂದು ಕೆಲಸ ಮಾಡಿ. ಪುಟದ ಕೊನೆಯವರೆಗೂ ಕೆಳಗೆ ಹೋಗಿ. ಸಣ್ಣ ಅಕ್ಷರದಲ್ಲಿ, ಬೂದು ಬಣ್ಣದಲ್ಲಿ, ‘ಈ ಬರಹದ ವಿಷಯಕ್ಕೆ ಪತ್ರಿಕೆ ಹೊಣೆಯಲ್ಲ’ ಎಂಬ ಅರ್ಥದ ಸಾಲು ಇರಬಹುದು. ಇದ್ದರೆ ಅದು ದುಡ್ಡು ಕೊಟ್ಟು ಹಾಕಿಸಿದ್ದು, ಪತ್ರಿಕೆಯ ಹೆಸರು ಎಷ್ಟೇ ದೊಡ್ಡದಿರಲಿ. ಭಾರತದ ಸುದ್ದಿ ತಾಣಗಳಲ್ಲಿ ಇಂಥವು ಜಾಸ್ತಿ ಅಂತ ಇಂಗ್ಲಿಷ್ ವಿಕಿಪೀಡಿಯದ ಮಾರ್ಗಸೂಚಿಯಲ್ಲೇ ಎಚ್ಚರಿಕೆ ಇದೆ. ನಮ್ಮವರ ಬಗ್ಗೆ ಹಾಗೆ ಬರೆದಿರುವುದನ್ನು ಓದಲು ನೋವಾಗುತ್ತದೆ, ಆದರೆ ನನ್ನ ಪಟ್ಟಿಯ ನಾಲ್ಕು ಕೊಂಡಿಗಳ ಕೊನೆಯಲ್ಲಿ ಆ ಬೂದು ಸಾಲು ಇತ್ತು.

ಸ್ಥಾಪಕರ ಸಂದರ್ಶನವೂ ಅಷ್ಟೇ. ಅವರು ತಮ್ಮ ಬಗ್ಗೆ ತಾವು ಹೇಳಿಕೊಂಡಿದ್ದು ಸ್ವತಂತ್ರ ಆಗುವುದಿಲ್ಲ. ಸಂದರ್ಶನದ ಜೊತೆಗೆ ಪತ್ರಕರ್ತರು ತಾವೇ ತನಿಖೆ ಮಾಡಿ ನಾಲ್ಕು ಪ್ಯಾರಾ ಬರೆದಿದ್ದರೆ ಆ ಭಾಗವನ್ನು ಮಾತ್ರ ಲೆಕ್ಕಕ್ಕೆ ಹಿಡಿಯಿರಿ.

ನಂಬಿಕೆ ಎಂದರೆ, ಸಂಪಾದಕರಿರುವ, ತಪ್ಪಾದರೆ ತಿದ್ದಿಕೊಳ್ಳುವ ಜಾಗ. ‘ಹತ್ತು ಅತ್ಯುತ್ತಮ ವಿತರಕರು’ ಎಂಬ ಪಟ್ಟಿಗಳನ್ನು ನಂಬಬೇಡಿ. ಅಲ್ಲಿರುವ ಕೊಂಡಿಯ ಮೇಲೆ ಬೆರಳಿಟ್ಟು ವಿಳಾಸ ನೋಡಿ. ರಿಯಾಯಿತಿ ಸಂಕೇತವೋ ಬರೆದವರ ಗುರುತೋ ಸೇರಿಕೊಂಡಿದ್ದರೆ, ನೀವು ಸೇರಿದಾಗ ಪಟ್ಟಿ ಬರೆದವರಿಗೆ ಕಮಿಷನ್ ಹೋಗುತ್ತದೆ. ಬಿಲ್‌ಬೋರ್ಡ್‌ನಂಥ ಸಂಗೀತ ಉದ್ಯಮದ ಪತ್ರಿಕೆಗಳು ಒಳ್ಳೆಯವೇ, ಆದರೆ ಅಲ್ಲೂ ಸ್ವಂತ ವರದಿ ಯಾವುದು, ಪ್ರಕಟಣೆಯ ಸಾರ ಯಾವುದು ಎಂದು ಬಿಡಿಸಿ ನೋಡಿ.

ವಿಶ್ಲೇಷಣೆಯ ಕಂಬಕ್ಕೆ ಜಾಸ್ತಿ ಹೇಳಬೇಕಾಗಿಲ್ಲ. ಸರ್ಕಾರಿ ನೋಂದಣಿ ದಾಖಲೆ, ಷೇರುಪೇಟೆಯ ಕಡತ ಇವೆಲ್ಲ ಕಚ್ಚಾ ದಾಖಲೆ. ಯಾರಾದರೂ ಅದನ್ನು ಓದಿ ಅರ್ಥ ಹೇಳಿದ್ದು ಬೇಕು.

ಕೊನೆಗೆ ಉಳಿದವನ್ನು ಎಣಿಸಿ. ಒಂದು ಸಾಲದು. ಎರಡೋ ಮೂರೋ ಗಟ್ಟಿ ಮೂಲಗಳು, ಅವೂ ಬೇರೆ ಬೇರೆಯವರು ಬರೆದದ್ದು ಬೇಕು. ನನ್ನ ಹಾಳೆಯಲ್ಲಿ ಉಳಿದದ್ದು ಒಂದೇ.

ಪಾಸಾದವರು ಹೇಗಿರುತ್ತಾರೆ

ಸಿಡಿ ಬೇಬಿ ಒಳ್ಳೆಯ ಉದಾಹರಣೆ. ಡೆರೆಕ್ ಸಿವರ್ಸ್ ಎಂಬ ಅಮೆರಿಕದ ಸಂಗೀತಗಾರ 1998ರಲ್ಲಿ ತನ್ನ ಸಿಡಿಯನ್ನು ತಾನೇ ಮಾರಲು ಒಂದು ಜಾಲತಾಣ ಮಾಡಿಕೊಂಡ. ಗೆಳೆಯರು ನಮ್ಮದನ್ನೂ ಇಡು ಎಂದರು. ಹಾಗೆ ಬೆಳೆದ ಅಂಗಡಿ ಅದು. 2008ರಲ್ಲಿ ಅದನ್ನು ಡಿಸ್ಕ್ ಮೇಕರ್ಸ್ ಕಂಪನಿಗೆ 2.2 ಕೋಟಿ ಡಾಲರ್‌ಗೆ ಮಾರಿದ. 2019ರಲ್ಲಿ ಅದು ಡೌನ್‌ಟೌನ್ ಎಂಬ ಸಂಗೀತ ಕಂಪನಿಯ ಕೈಗೆ ಹೋಯಿತು. ಸಿವರ್ಸ್ ಸ್ವತಃ ಬರೆದುಕೊಂಡಿದ್ದನ್ನು ಪೂರ್ತಿ ತೆಗೆದುಹಾಕಿ. ಎರಡು ಮಾರಾಟದ ಸುದ್ದಿಗಳನ್ನೂ ತೆಗೆಯಿರಿ. ಆಮೇಲೂ, ದೊಡ್ಡ ಕಂಪನಿಯ ಬೆಂಬಲವಿಲ್ಲದ ಗಾಯಕರಿಗೆ ಅದು ಹೇಗೆ ದಾರಿ ತೆರೆಯಿತು ಎಂದು ಹೊರಗಿನವರು ಬರೆದದ್ದು ಉಳಿಯುತ್ತದೆ. ಹಾಗಾಗಿ ಲೇಖನ ನಿಲ್ಲುತ್ತದೆ.

ಎಂಪಿ3 ಡಾಟ್ ಕಾಮ್ ಎಂಬ ಜಾಲತಾಣದ ಕಥೆ ಇನ್ನೂ ಸ್ಪಷ್ಟ. ಮೈಕೆಲ್ ರಾಬರ್ಟ್‌ಸನ್ ಸ್ಥಾಪಿಸಿದ್ದು, 1999ರಲ್ಲಿ ಷೇರುಪೇಟೆಗೆ ಬಂತು. ಹೆಸರಿಲ್ಲದ ಸಾವಿರಾರು ಗಾಯಕರು ಅಲ್ಲಿ ಹಾಡು ಇಟ್ಟಿದ್ದರು. 2000ದಲ್ಲಿ ಯೂನಿವರ್ಸಲ್ ಎಂಬ ದೊಡ್ಡ ಸಂಗೀತ ಕಂಪನಿ ಹೂಡಿದ ಹಕ್ಕುಸ್ವಾಮ್ಯದ ಮೊಕದ್ದಮೆಯಲ್ಲಿ ನ್ಯೂಯಾರ್ಕಿನ ಫೆಡರಲ್ ನ್ಯಾಯಾಲಯ ಕಂಪನಿಯ ವಿರುದ್ಧ ತೀರ್ಪು ಕೊಟ್ಟಿತು. 2001ರಲ್ಲಿ ಯೂನಿವರ್ಸಲ್‌ನ ಒಡೆತನದ ಕಂಪನಿ ವಿವೆಂಡಿ ಯೂನಿವರ್ಸಲ್ ಎಂಪಿ3 ಡಾಟ್ ಕಾಮನ್ನೇ ಕೊಂಡಿತು. 2003ರಲ್ಲಿ ಆ ಹಾಡುಗಳ ಭಂಡಾರವೇ ಮುಚ್ಚಿಹೋಯಿತು. ಅಂಗಡಿ ಇಲ್ಲ, ಹಾಡುಗಳಿಲ್ಲ, ಆದರೂ ಲೇಖನ ಇದೆ, ಇರಬೇಕು. ಕಾನೂನು ಓದುವವರು ಇವತ್ತಿಗೂ ಆ ತೀರ್ಪನ್ನು ಚರ್ಚಿಸುತ್ತಾರೆ. ಒಮ್ಮೆ ಗಮನಾರ್ಹವಾದದ್ದು ಬಾಗಿಲು ಮುಚ್ಚಿದ ಕಾರಣಕ್ಕೆ ಗಮನಾರ್ಹತೆ ಕಳೆದುಕೊಳ್ಳುವುದಿಲ್ಲ.

‘ನಮ್ಮಲ್ಲಿ ಇಂಥ ಸ್ಟಾರ್ ಹಾಡು ಬಿಟ್ಟಿದ್ದಾರೆ’ ಎಂಬ ವಾದವೂ ಬರುತ್ತದೆ. ಸ್ಟಾರ್‌ನ ಹೆಸರು ಸ್ಟಾರ್‌ಗೇ ಸೇರಿದ್ದು, ಕಂಪನಿಗೆ ವರ್ಗವಾಗುವುದಿಲ್ಲ.

ನಿಮಗೂ ಕಂಪನಿಗೂ ಏನು ಸಂಬಂಧ?

ಬರೆಯುವ ಮೊದಲು ಇದನ್ನು ಹೇಳಿಬಿಡಿ. ದುಡ್ಡು ಪಡೆದು ಬರೆಯುವವರು ಅದನ್ನು ಬಹಿರಂಗ ಮಾಡಲೇಬೇಕು, 2014ರಿಂದ, ವಿಕಿಪೀಡಿಯ ನಡೆಸುವ ವಿಕಿಮೀಡಿಯ ಸಂಸ್ಥೆಯ ಬಳಕೆಯ ನಿಯಮದಲ್ಲೇ ಇದೆ. ನೀವು ಅಲ್ಲಿ ಕೆಲಸ ಮಾಡುತ್ತಿದ್ದರೆ, ಸ್ಥಾಪಕರು ನಿಮ್ಮ ನೆಂಟರಾಗಿದ್ದರೆ, ನೇರವಾಗಿ ಬರೆಯದೆ ಕರಡು ಮಾಡಿ ಬೇರೆಯವರ ಕೈಗೆ ಕೊಡಿ. ನನ್ನಂತೆ ಬರೀ ಗ್ರಾಹಕರಾಗಿದ್ದರೂ ಲೇಖನದ ಚರ್ಚೆಯ ಪುಟದಲ್ಲಿ ಒಂದು ಸಾಲು ಬರೆಯುವುದು ಒಳ್ಳೆಯದು. ನಾನು ಬರೆದಿರಲಿಲ್ಲ. ಅತ್ತೆಯ ಹಾಡು ಅವರಿಂದ ಜಗತ್ತಿಗೆ ತಲುಪಿತು ಎಂಬ ಕೃತಜ್ಞತೆ ನನ್ನ ಲೇಖನದ ಪ್ರತಿ ಪ್ಯಾರಾದಲ್ಲೂ ಹೊಗಳಿಕೆಯಾಗಿ ಇಳಿದಿತ್ತು.

ಅನುಮಾನ ಉಳಿದರೆ

ಸುಮ್ನೆ ಪ್ರಕಟಿಸಿ ನೋಡೋಣ ಎನ್ನಬೇಡಿ. ಪ್ರಕಟಿಸುವ ಮೊದಲು ಬರೆದು ನೋಡಲು ನಿಮ್ಮ ಖಾತೆಯಲ್ಲಿರುವ ಪ್ರಯೋಗಪುಟದಲ್ಲಿ ಮೂಲಗಳನ್ನು ಇಟ್ಟು ಕೇಳಿ. ಕನ್ನಡ ವಿಕಿಪೀಡಿಯದಲ್ಲಿ ಇದಕ್ಕೆ ಅರಳಿ ಕಟ್ಟೆ ಇದೆ, ಹೆಸರಿಗೆ ತಕ್ಕಂತೆ ಎಲ್ಲರೂ ಕೂತು ಮಾತಾಡುವ ಜಾಗ. ಪ್ರತಿ ಭಾಷೆಯ ವಿಕಿಪೀಡಿಯಕ್ಕೂ ಅದರದೇ ನಿಯಮ, ಅದರದೇ ಸಮುದಾಯ. ಇಂಗ್ಲಿಷಿನಲ್ಲಿ ಲೇಖನ ಇದೆ ಎಂದಮಾತ್ರಕ್ಕೆ ಕನ್ನಡದಲ್ಲಿ ಇರಲೇಬೇಕು ಎಂದೇನಿಲ್ಲ.

ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನ ಅಳಿಸುವಿಕೆಯ ಚರ್ಚೆಗೆ ಹೋದರೆ ಸಾಮಾನ್ಯವಾಗಿ ಏಳು ದಿನ ನಡೆಯುತ್ತದೆ. ಅಲ್ಲಿ ತಲೆ ಎಣಿಸುವುದಿಲ್ಲ. ಗೆಳೆಯರನ್ನು ಕರೆತಂದು ‘ಇರಲಿ, ಇರಲಿ’ ಅನ್ನಿಸಿದರೆ ಉಪಯೋಗವಿಲ್ಲ, ಕೆಟ್ಟ ಹೆಸರು ಬರುತ್ತದೆ ಅಷ್ಟೇ. ಒಬ್ಬರೇ ಆದರೂ ಎರಡು ಗಟ್ಟಿ ಮೂಲ ತಂದಿಟ್ಟರೆ ಚರ್ಚೆಯ ದಿಕ್ಕೇ ಬದಲಾಗುತ್ತದೆ.

ಮೂಲ ಸಾಲದಿದ್ದರೆ ಬೇರೆ ದಾರಿಯೂ ಇದೆ. ಕಂಪನಿ ಇನ್ನೊಂದರ ಅಂಗವಾಗಿದ್ದರೆ ಆ ದೊಡ್ಡ ಕಂಪನಿಯ ಲೇಖನದಲ್ಲಿ ಒಂದು ಪ್ಯಾರಾ ಸೇರಿಸಿ, ಹೆಸರು ಹುಡುಕಿದವರು ಅಲ್ಲಿಗೆ ಬರುವಂತೆ ಪುನರ್ನಿರ್ದೇಶನ ಮಾಡಿ. ಹಾಗೂ ಇಲ್ಲದಿದ್ದರೆ ಕಾಯಿರಿ. ಹಾಳೆಯನ್ನು ಇಟ್ಟುಕೊಂಡಿರಿ.

ಪಾಸಾಯಿತು ಅಂದುಕೊಳ್ಳಿ

ಆಗ ಲೇಖನ ಚಿಕ್ಕದಾಗಿ ಶುರುವಾಗಲಿ. ಮೊದಲ ವಾಕ್ಯದಲ್ಲಿ ಕಂಪನಿ ಏನು, ಯಾವ ಊರಿನದು, ಯಾವ ವರ್ಷದ್ದು ಎಂದಿರಲಿ. ‘ಮುಂಚೂಣಿಯ’, ‘ಕ್ರಾಂತಿಕಾರಿ’ ಎಂಬ ಪದಗಳು ಬೇಡ. ಪಾವತಿ ತಡವಾಯಿತು, ಹಾಡು ಕಾರಣವಿಲ್ಲದೆ ತೆಗೆದರು ಎಂಬ ದೂರುಗಳನ್ನು ನಂಬಿಕೆಯ ಪತ್ರಿಕೆ ಬರೆದಿದ್ದರೆ ಅದೂ ಇರಲಿ. ನಿಮ್ಮ ಸ್ವಂತ ದೂರು ಇದ್ದರೆ ಅದು ಲೇಖನಕ್ಕೆ ಸೇರುವಂಥದ್ದಲ್ಲ.

ನನ್ನ ಆ ಹಾಳೆ ಈಗಲೂ ಪ್ರಯೋಗಪುಟದಲ್ಲಿದೆ. ಹದಿಮೂರು ಸಾಲು ಹೊಡೆದುಹಾಕಿದ್ದು, ಒಂದು ಉಳಿದಿದ್ದು. ಆರು ತಿಂಗಳಿಗೊಮ್ಮೆ ಹೊಸದಾಗಿ ಹುಡುಕಿ ನೋಡುತ್ತೇನೆ. ಈ ಮಧ್ಯೆ ಇನ್ನೊಂದು ಹಾಳೆ ಎಳೆದುಕೊಂಡಿದ್ದೇನೆ, ಅದೇ ನಾಲ್ಕು ಕಂಬ, ಈ ಸಲ ಸೋಬಾನೆ ಪದಗಳಿಗೆ. ಜಾನಪದ ವಿದ್ವಾಂಸರ ಬರಹಗಳಿಂದಲೇ ಮೊದಲ ಅರ್ಧ ಪುಟ ತುಂಬಿದೆ.