ಟರ್ಬೊ ಕಾರಿಗೆ ನೀರು ಕುಡಿಸಿದ ಕಥೆ

ಬಿಸಿಲಲ್ಲಿ ಏರು ಹತ್ತುವಾಗ ನನ್ನ ಟರ್ಬೊ ಪೆಟ್ರೋಲ್ ಕಾರಿನ ಎಂಜಿನ್ ಕಟಕಟ ಅನ್ನುತ್ತಿತ್ತು. ನಾಕಿಂಗ್, ಅಂದರೆ ಎಂಜಿನ್ ಒಳಗೆ ಪೆಟ್ರೋಲ್ ಅತಿಯಾದ ಬಿಸಿಗೆ ತಾನಾಗೇ ಹೊತ್ತಿಕೊಳ್ಳುವುದು. ಅದಕ್ಕೇ ಎಂಜಿನ್‌ಗೆ ಹೋಗುವ ಗಾಳಿಗೆ ನೀರು ಸಿಂಪಡಿಸುವ ವಾಟರ್ ಇಂಜೆಕ್ಷನ್ ಕಿಟ್ ಹಾಕಿದೆ. ಇದೇನು ಹೊಸದಲ್ಲ, 1962ರ ಓಲ್ಡ್ಸ್‌ಮೊಬೈಲ್ ಜೆಟ್‌ಫೈರ್‌ನಲ್ಲೇ ನೀರು ಮತ್ತು ಮೆಥನಾಲ್ ಮಿಶ್ರಣ ಸಿಂಪಡಿಸುತ್ತಿದ್ದರು. ನೀರು ಆವಿಯಾಗುವಾಗ ಒಳಗಿನ ಬಿಸಿಯನ್ನು ಹೀರಿಕೊಳ್ಳುತ್ತದೆ, ಪೆಟ್ರೋಲ್ ತಾನಾಗೇ ಹೊತ್ತಿಕೊಳ್ಳುವುದು ತಪ್ಪುತ್ತದೆ.

ನಾಕಿಂಗ್ ನಿಂತಿತು. ಆದರೆ ಹೊಸ ತಲೆನೋವು ಶುರುವಾಯಿತು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ನಡುಗುತ್ತಿತ್ತು, ಟ್ಯಾಂಕಿನ ನೀರು ಬೇಗ ಖಾಲಿ. ಮೊದಲು ಸ್ಪಾರ್ಕ್ ಪ್ಲಗ್ ಬದಲಾಯಿಸಿದೆ. ಸುಮ್ನೆ ದಂಡ.

ಆಮೇಲೆ ನೀರು ಸಿಂಪಡಿಸುವ ನಾಝಲ್ ಬಿಚ್ಚಿ, ಪೈಪ್ ಸಮೇತ ಟ್ಯಾಂಕಿಗಿಂತ ಕೆಳಗೆ ಹಿಡಿದು ನೋಡಿದೆ. ಪಂಪ್ ಆಫ್. ಆದರೂ ತುದಿಯಲ್ಲಿ ಒಂದು ಹನಿ ನಿಧಾನಕ್ಕೆ ಉಬ್ಬಿ ತೊಟ್ಟಿಕ್ಕಿತು, ಹಿಂದೆಯೇ ಇನ್ನೊಂದು. ನಾನು ನಾಝಲ್ ಕೂರಿಸಿದ್ದು ಥ್ರಾಟಲ್ (ಎಂಜಿನ್‌ಗೆ ಎಷ್ಟು ಗಾಳಿ ಹೋಗಬೇಕೆಂದು ನಿಯಂತ್ರಿಸುವ ಕವಾಟ) ಆದಮೇಲೆ. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುತ್ತಿರುವಾಗ, ಅಲ್ಲಿ ವ್ಯಾಕ್ಯೂಮ್ ಇರುತ್ತದೆ, ಅಲ್ವಾ? ಅದು ಸ್ಟ್ರಾದಲ್ಲಿ ಜ್ಯೂಸ್ ಎಳೆದ ಹಾಗೆ ನೀರು ಎಳೆಯುತ್ತಿತ್ತು. ಡಿಕ್ಕಿಯಲ್ಲಿದ್ದ ಟ್ಯಾಂಕ್ ಬೇರೆ ನಾಝಲ್‌ಗಿಂತ ಎತ್ತರದಲ್ಲಿತ್ತು.

ನಾಝಲ್ ಅನ್ನು ಥ್ರಾಟಲ್‌ಗೆ ಮುಂಚೆ, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿಯನ್ನು ತಣಿಸುವ ಭಾಗ) ಆದಮೇಲಿನ ಪೈಪಿಗೆ ಸಾಗಿಸಿದೆ. ಅದರ ಪಕ್ಕದಲ್ಲೇ, ನೀರಿನ ಪೈಪಿಗೆ, ಕರೆಂಟ್‌ನಿಂದ ತೆರೆದು ಮುಚ್ಚುವ ಒಂದು ಸೊಲೆನಾಯ್ಡ್ ವಾಲ್ವ್ ಹಾಕಿದೆ. ಪಂಪ್ ಓಡಿದಾಗ ಮಾತ್ರ ಅದು ತೆರೆಯುತ್ತದೆ. ನಡುಕ ಅವತ್ತೇ ಹೋಯಿತು.

ಹಾಂ, ನಲ್ಲಿ ನೀರು ಹಾಕಬೇಡಿ. ಉಪ್ಪು ಕಟ್ಟಿ ನಾಝಲ್ ಮುಚ್ಚಿಹೋಗುತ್ತದೆ. ಡಿಸ್ಟಿಲ್ಡ್ ವಾಟರ್ ಮಾತ್ರ.