ಇಬ್ಬರು ನೀರುಗಂಟಿಗಳು

ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ಜೆನೆಟಿಕ್ ಕೌನ್ಸೆಲರ್, ಅಂದರೆ ಜೀನ್‌ಗಳಿಂದ ಬರುವ ಕಾಯಿಲೆಗಳ ಬಗ್ಗೆ ಕುಟುಂಬಗಳಿಗೆ ತಿಳಿಹೇಳುವವಳು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನನ್ನ ಬಾಯಲ್ಲಿ ಸದಾ ಇರುತ್ತಿದ್ದ ಮಾತು "ಜೀನ್‌ನಲ್ಲಿ ದೋಷ ಇದೆ". ಎಲ್ಲರೂ ತಲೆಯಾಡಿಸುತ್ತಿದ್ದರು. ಒಂದು ಮನೆಯವರು ಮಾತ್ರ ಹೇಳಿದ ದಿನಕ್ಕೆ ಬರದೆ, ಶಾಂತಿ ಮಾಡಿಸಿಕೊಂಡು ಎರಡು ವಾರ ತಡವಾಗಿ ಬಂದರು. ತಪ್ಪು ಅವರದಲ್ಲ. ನಮ್ಮಲ್ಲಿ ದೋಷ ಅಂದರೆ ಸರ್ಪದೋಷ, ಕುಜದೋಷ. ಯಾರೋ ಮಾಡಿದ್ದಕ್ಕೆ ಇನ್ಯಾರೋ ತೆರುವ ದಂಡ. ಆ ಪದವನ್ನು ಅಂದೇ ಬಿಟ್ಟೆ. "ಕ್ಯಾನ್ಸರ್ ಜೀನ್" ಅನ್ನುವುದನ್ನೂ ಬಿಟ್ಟೆ. ಕ್ಯಾನ್ಸರ್ ಬರದಂತೆ ಕಾಯುವ ಜೀನ್‌ಗೆ ಕ್ಯಾನ್ಸರ್ ಹೆಸರಿಡುವುದು, ಕಾವಲುಗಾರನನ್ನೇ ಕಳ್ಳ ಅಂದ ಹಾಗೆ.

ಸರಿಯಾದ ಮಾತು ನನಗೆ ಸಿಕ್ಕಿದ್ದು ಕೋಲಾರದ ಕಡೆಯ ಒಂದು ಕುಟುಂಬದಿಂದ. ಒಂದೂವರೆ ವರ್ಷದ ಹೆಣ್ಣುಮಗು. ಮೊಬೈಲಿನಲ್ಲಿ ತೆಗೆದ ಫೋಟೋದಲ್ಲಿ ಕಣ್ಣು ಬೆಕ್ಕಿನ ಕಣ್ಣಿನಂತೆ ಬೆಳ್ಳಗೆ ಹೊಳೆದಿದ್ದನ್ನು ಕಂಡು ತೋರಿಸಲು ತಂದಿದ್ದರು. ಎರಡೂ ಕಣ್ಣಲ್ಲಿ ರೆಟಿನೋಬ್ಲಾಸ್ಟೋಮಾ, ಅಂದರೆ ಅಕ್ಷಿಪಟಲದ ಕ್ಯಾನ್ಸರ್. ತಾಯಿ ಮತ್ತೆ ಐದು ತಿಂಗಳ ಬಸುರಿ.

ವಂಶವೃಕ್ಷ ಬರೆಯುವಾಗ ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ರಕ್ತಸಂಬಂಧದ ಮದುವೆಯಾದರೆ ನಡುವೆ ಜೋಡಿಗೆರೆ. ಮಗುವಿನ ತಾಯಿ ಸೋದರಮಾವನನ್ನೇ ಮದುವೆಯಾಗಿದ್ದಳು. ಜೊತೆಗೆ ಬಂದಿದ್ದ ಅಜ್ಜಿ, ಅವಳಿಗೆ ಅತ್ತೆಯೂ ಹೌದು, ಆ ಜೋಡಿಗೆರೆಯ ಮೇಲೆ ಬೆರಳಿಟ್ಟು, "ಇದೇ ತಾನೆ? ಹಟ ಹಿಡಿದು ಮಾಡಿಸಿದವಳು ನಾನೇ" ಅಂದರು.

ಅಲ್ಲ ಅಜ್ಜಿ, ಅಂದೆ. ಒಳಸಂಬಂಧದ ಮದುವೆಯಿಂದ ತೊಂದರೆ ಬರುವುದು ಅಪ್ಪ-ಅಮ್ಮ ಇಬ್ಬರಿಂದಲೂ ಮಗುವಿಗೆ ಜೀನಿನ ಕೆಟ್ಟ ಪ್ರತಿಯೇ ಸಿಕ್ಕಿದಾಗ. ಈ ಕಾಯಿಲೆಗೆ ಹುಟ್ಟುವಾಗ ಒಂದೇ ಪ್ರತಿ ಕೆಟ್ಟಿದ್ದರೂ ಸಾಕು, ದೂರದ ಸಂಬಂಧ ತಂದಿದ್ದರೂ ಬರಬಹುದಿತ್ತು. ಅಜ್ಜಿ ನಂಬಲಿಲ್ಲ. ನಾನು ಹಳೆಯ ಉದಾಹರಣೆ ತೆಗೆದೆ: ಆರ್‌ಬಿ1 ಅನ್ನುವ ಈ ಜೀನ್ ಗಾಡಿಯ ಬ್ರೇಕ್ ಇದ್ದಂತೆ...

"ಬ್ರೇಕ್ ಹಿಡ್ಕೊಂಡೇ ಇದ್ರೆ ಮಗು ಬೆಳೆಯೋದು ಹೆಂಗೆ ಮೇಡಂ?" ಅಂದರು ಗಂಡ.

ಅಷ್ಟು ವರ್ಷದಲ್ಲಿ ಯಾರೂ ಕೇಳದ ಪ್ರಶ್ನೆ. ಆ ಜೀನ್ ಹೇಳಿದಂತೆ ತಯಾರಾಗುವ ಆರ್‌ಬಿ ಪ್ರೊಟೀನಿನ ಕೆಲಸ ಬರೀ ತಡೆಯುವುದಲ್ಲ ಅಂದೆ. ಕೋಶ ಇಬ್ಭಾಗವಾಗಲು ಬೇಕಾದ ಜೀನ್‌ಗಳನ್ನು ಎಬ್ಬಿಸುವ ಇ2ಎಫ್ ಎಂಬುದನ್ನು ಅದು ಹಿಡಿದಿಟ್ಟಿರುತ್ತದೆ. ಬೆಳೆ ಎಂಬ ಸಂಕೇತ ಬಂದಾಗ ಬಿಡುತ್ತದೆ, ಕೆಲಸ ಮುಗಿದ ಮೇಲೆ ಮತ್ತೆ ಹಿಡಿಯುತ್ತದೆ.

"ಹಂಗಂದ್ರೆ ನೀರುಗಂಟಿ. ನಮ್ಮ ತಾತ ಅದೇ ಮಾಡ್ತಿದ್ದಿದ್ದು. ಗದ್ದೆಗೆ ನೀರು ಬಿಡೋಕೆ ಕೆರೆ ತೂಬು ಎತ್ತೋರೂ ಅವರೇ, ಇಳಿಸೋರೂ ಅವರೇ."

ಅಲ್ಲಿಂದ ಮುಂದೆ ವಿವರಣೆ ಸಲೀಸಾಯಿತು. ಪ್ರತಿ ಕೋಶದಲ್ಲಿ ಇಬ್ಬರು ನೀರುಗಂಟಿಗಳು, ಒಬ್ಬ ಅಪ್ಪನ ಕಡೆಯಿಂದ, ಒಬ್ಬ ಅಮ್ಮನ ಕಡೆಯಿಂದ. ಒಬ್ಬ ಇಲ್ಲದಿದ್ದರೂ ಇನ್ನೊಬ್ಬ ಸಂಭಾಳಿಸುತ್ತಾನೆ. ನಿಮ್ಮ ಮಗುವಿಗೆ ಹುಟ್ಟುವಾಗಲೇ ಒಬ್ಬನಿಲ್ಲ. ಕಣ್ಣು ಬೆಳೆಯುವಾಗ ಲಕ್ಷಗಟ್ಟಲೆ ಕೋಶಗಳು ಇಬ್ಭಾಗವಾಗುತ್ತವೆ, ಅಷ್ಟರಲ್ಲಿ ಎಲ್ಲೋ ಒಂದೆರಡು ಕಡೆ ಎರಡನೆಯವನೂ ಕೆಡುತ್ತಾನೆ. ತೂಬು ತೆರೆದೇ ಉಳಿಯುತ್ತದೆ.

1971ರಲ್ಲಿ ಅಮೆರಿಕದ ವೈದ್ಯ ಆಲ್‌ಫ್ರೆಡ್ ನಡ್ಸನ್ ಈ ಕಾಯಿಲೆಯ 48 ರೋಗಿಗಳ ವಿವರ ಹಿಡಿದು ಕೂತು ಊಹಿಸಿದ್ದೂ ಇದನ್ನೇ. ಎರಡೂ ಕಣ್ಣಿಗೆ ಬಂದವರಲ್ಲಿ ಕಾಯಿಲೆ ಬೇಗ ಕಾಣುತ್ತದೆ, ಒಂದೇ ಕಣ್ಣಿನವರಲ್ಲಿ ತಡವಾಗಿ. ಯಾಕೆಂದರೆ ಮೊದಲಿನವರಿಗೆ ಬೀಳಬೇಕಾದ್ದು ಇನ್ನೊಂದೇ ಪೆಟ್ಟು. 13ನೇ ಕ್ರೋಮೋಸೋಮಿನಲ್ಲಿರುವ ಆ ಜೀನ್ ಕೈಗೆ ಸಿಕ್ಕಿದ್ದು 1986ರಲ್ಲಿ. ಅಷ್ಟರವರೆಗೆ ಅದು ಬರೀ ಲೆಕ್ಕಾಚಾರ, ನನಗೆ ಈಗಲೂ ಬೆರಗಿನ ಸಂಗತಿ.

"ಇಬ್ಬರೂ ಹೋದ್ರೆ ಕೇಳೋರೇ ಇಲ್ವಾ?" ಅಂದರು ಅಜ್ಜಿ. ಇದ್ದಾರೆ ಅಂದೆ. ಪಿ53 ಅಂತ ಇನ್ನೊಂದು ಪ್ರೊಟೀನು. ಡಿಎನ್‌ಎಗೆ ಪೆಟ್ಟಾಗಿದ್ದರೆ ಕೋಶವನ್ನು ನಿಲ್ಲಿಸಿ ರಿಪೇರಿಗೆ ಸಮಯ ಕೊಡುತ್ತದೆ, ರಿಪೇರಿಯಾಗದಿದ್ದರೆ ಕೋಶ ತಾನೇ ಸಾಯುವಂತೆ ಮಾಡುತ್ತದೆ. ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಕೆಟ್ಟಿರುವುದು ಇದರ ಜೀನೇ. ಕಾವಲು ಒಂದೇ ಸುತ್ತಿನದಲ್ಲ, ಆದರೆ ಯಾವ ಸುತ್ತೂ ಅಭೇದ್ಯವೂ ಅಲ್ಲ.

ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಮಗುವಿನ ರಕ್ತ ಕಳಿಸಿದೆವು. ಕೆಲವು ವಾರಗಳ ನಂತರ ವರದಿ ಬಂತು. ಆರ್‌ಬಿ1ರ ಒಂದು ಪ್ರತಿಯಲ್ಲಿ ಬದಲಾವಣೆ ಸಿಕ್ಕಿತು. ಅಪ್ಪ-ಅಮ್ಮನ ರಕ್ತದಲ್ಲಿ ಅದು ಇರಲಿಲ್ಲ, ಮಗುವಿನಲ್ಲೇ ಹೊಸದಾಗಿ ಆದದ್ದು. ವಂಶವೃಕ್ಷದ ಹಾಳೆ ತೆಗೆದು ಜೋಡಿಗೆರೆಗೂ ಇದಕ್ಕೂ ಸಂಬಂಧವಿಲ್ಲ ಎಂದು ಮತ್ತೊಮ್ಮೆ ತೋರಿಸಿದೆ. ಅಜ್ಜಿ ಈ ಸಲ ಸೆರಗಿನಲ್ಲಿ ಕಣ್ಣೊರೆಸಿಕೊಂಡರು.

ಹಾಗಂತ ಎರಡನೆಯ ಮಗುವನ್ನು ಪರೀಕ್ಷಿಸದೆ ಬಿಡುವಂತಿಲ್ಲ. ರಕ್ತದಲ್ಲಿ ಕಾಣದಿದ್ದರೂ ತಂದೆಯ ವೀರ್ಯಾಣುಗಳಲ್ಲೋ ತಾಯಿಯ ಅಂಡಾಣುಗಳಲ್ಲೋ ಕೆಲವು ಆ ಬದಲಾವಣೆ ಹೊತ್ತಿರಬಹುದು. ಹೆರಿಗೆಯಾದಾಗ ಹೊಕ್ಕುಳಬಳ್ಳಿಯ ರಕ್ತವನ್ನೇ ಕಳಿಸಿದೆವು. ವರದಿ ಬಂದ ದಿನ ಗಂಡನಿಂದ ಫೋನ್ ಬಂತು: "ಮೇಡಂ, ಇಬ್ಬರೂ ಇದ್ದಾರಾ?" ಇದ್ದರು.

ದೊಡ್ಡವಳ ಒಂದು ಕಣ್ಣು ತೆಗೆಯಬೇಕಾಯಿತು, ಇನ್ನೊಂದು ಕೀಮೋ ಮತ್ತು ಲೇಸರ್‌ನಿಂದ ಉಳಿಯಿತು. ಅವಳ ಮೈಯ ಎಲ್ಲ ಕೋಶಗಳಲ್ಲೂ ಇರುವುದು ಒಬ್ಬನೇ ನೀರುಗಂಟಿ. ಹಾಗಾಗಿ ಮುಂದೆ ಮೂಳೆಯಲ್ಲಿ ಗೆಡ್ಡೆ ಬರುವ ಅಪಾಯವೂ ಹೆಚ್ಚು. ವಿಕಿರಣ ಆದಷ್ಟು ಕಡಿಮೆ ತಾಗಬೇಕು. ಫೈಲಿನ ಮೇಲೆ ಅವಳಪ್ಪ ಕೆಂಪು ಶಾಯಿಯಲ್ಲಿ ಬರೆದಿಟ್ಟಿದ್ದಾರೆ: "ಕೇಳದೆ ಸಿಟಿ ಸ್ಕ್ಯಾನ್ ಮಾಡಬೇಡಿ".